ಪಾಲಾಕ್ಷನ ಅಕ್ಷರ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಒಂದು ಕಾಲಕ್ಕೆ ಯಾವ ಅಂಗಡಿ ಮುಂದೆ ನಿಂತು ತಲೆಯೆತ್ತಿದರೂ ಕಾಣುತ್ತಿದ್ದುದು ಪಾಲಾಕ್ಷನ ಅಕ್ಷರವೇ. ಪಾತ್ರೆ ಅಂಗಡಿ, ಗೊಬ್ಬರದಂಗಡಿ, ಹಲ್ಲಿನ ಡಾಕ್ಟರು, ಲಾರಿಯ ಹಣೆ, ಶಾಲೆಯ ಕಾಂಪೌಂಡು, ಎಲ್ಲಕ್ಕೂ ಅವನದೇ ಕುಂಚ. ತಲೆಕಟ್ಟನ್ನು ಎಡದಿಂದ ಹಗುರಾಗಿ ಎಳೆದು, ಕೊನೆಯಲ್ಲಿ ಒಂದಿಷ್ಟು ಒತ್ತಿ, ಮೇಲಕ್ಕೆ ಎತ್ತಿಬಿಡುತ್ತಿದ್ದ. ಹಾಗಾಗಿ ಅವನ ಪ್ರತಿ ಅಕ್ಷರವೂ ಯಾರೋ ಹೆಸರು ಹಿಡಿದು ಕೂಗಿದ್ದಕ್ಕೆ ಆಗಷ್ಟೇ ತಿರುಗಿ ನೋಡಿದ ಹಾಗಿರುತ್ತಿತ್ತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಕರೆ ಬರುತ್ತಿತ್ತು. ಬಣ್ಣದ ಡಬ್ಬಿಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದ.

ಆಮೇಲೆ ಫ್ಲೆಕ್ಸ್ ಬಂತು. ಬಸ್‌ಸ್ಟ್ಯಾಂಡಿನ ಎದುರು ರಜನೀಶ ಎಂಬವನು ದೊಡ್ಡ ಮಷೀನು ತಂದಿಟ್ಟ. ಪಾಲಾಕ್ಷ ಮೂರು ದಿನ ಬರೆಯುವ ಬೋರ್ಡನ್ನು ಅದು ಮೂರು ನಿಮಿಷಕ್ಕೆ ಉಗುಳುತ್ತಿತ್ತು. ಪಾಲಾಕ್ಷ ಜಗಳವಾಡಲಿಲ್ಲ, ಯಾರ ಮುಂದೆಯೂ ಗೊಣಗಲಿಲ್ಲ. ಆದರೆ ಅವತ್ತಿನಿಂದ ಹದಿಮೂರು ವರ್ಷ ಆ ಅಂಗಡಿಯ ಸಾಲು ಬಂದಾಗೆಲ್ಲ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದ. ಹೊಟ್ಟೆಪಾಡಿಗೆ ಗಾಡಿಗಳ ನಂಬರ್ ಪ್ಲೇಟು ಬರೆದುಕೊಂಡಿದ್ದ. ಹೆಂಡತಿ ಪ್ರೇಮಕುಮಾರಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಇಬ್ಬರ ಜೀವನ ಸದ್ದಿಲ್ಲದೆ ನಡೆದುಹೋಗುತ್ತಿತ್ತು.

ಅರವತ್ತೊಂದನೆಯ ವಯಸ್ಸಿನಲ್ಲಿ, ಫೆಬ್ರವರಿಯ ಒಂದು ಬೆಳಿಗ್ಗೆ, ಪಾಲಾಕ್ಷ ಎಂದಿನಂತೆ ಜಗಲಿಯಲ್ಲಿ ಕೂತು ಪೇಪರ್ ಬಿಡಿಸಿದ. ತಲೆ ಸ್ವಲ್ಪ ಭಾರವಾಗಿತ್ತು. ಹಾಳೆಯ ತುಂಬ ಸಣ್ಣ ಸಣ್ಣ ಕಪ್ಪು ಬಳ್ಳಿಗಳು, ಕುಡಿಗಳು, ಸುರುಳಿಗಳು. ಚೆಂದವಾಗಿದ್ದವು. ಆದರೆ ಒಂದೂ ಮಾತಾಡಲಿಲ್ಲ.

"ಪ್ರೇಮಾ, ಇದ್ಯಾವ್ ಭಾಷೆ ಪೇಪರ್ ಕೊಟ್ಟೋಗವ್ನೆ ಇವತ್ತು?"

ಒಳಗಿನಿಂದ ಕಾಫಿ ಹಿಡಿದು ಬಂದ ಪ್ರೇಮಕುಮಾರಿ ಬಗ್ಗಿ ನೋಡಿದಳು. "ದಿನಾ ಬರೋದೇ ಕಣ್ರೀ. ಕನ್ನಡದ್ದೇ."

ಪಾಲಾಕ್ಷ ನಕ್ಕ. ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಎದ್ದು ಚಪ್ಪಲಿ ಮೆಟ್ಟಿ ಬೀದಿಗಿಳಿದ. ಎಳೆಬಿಸಿಲು. ಹಾಲಿನವನ ಗಾಡಿ, ಅಂಗಡಿಗಳ ಶಟರ್ ಎತ್ತುವ ಸದ್ದು, ಊದುಬತ್ತಿಯ ಹೊಗೆ, ಎಲ್ಲವೂ ಅವನ ಊರಿನದೇ. ಆದರೆ ಬೋರ್ಡುಗಳೆಲ್ಲ ಒಂದೇ ರಾತ್ರಿಯಲ್ಲಿ ಬೇರೆ ದೇಶದವಾಗಿದ್ದವು. ಕೆಂಪು, ನೀಲಿ, ಹಳದಿ ಬಣ್ಣ ಕಾಣುತ್ತಿತ್ತು. ಬಣ್ಣದೊಳಗೆ ಏನೋ ಹಬ್ಬಿಕೊಂಡಿರುವುದೂ ಕಾಣುತ್ತಿತ್ತು. ಅದರ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಬಲಗಡೆಯಿಂದ ಬಂದ ಸ್ಕೂಟರ್ ತೀರ ಮೈಮೇಲೆ ಬಂದು ಬ್ರೇಕ್ ಹಾಕಿದಾಗಲೇ ಅವನಿಗೆ ಗೊತ್ತಾದದ್ದು, ಬಲಬದಿಯ ಲೋಕವೂ ತನಗೆ ಅರ್ಧ ಇಲ್ಲವಾಗಿದೆ ಎಂದು.

ಹಾಸನದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮಿದುಳಿನ ಹಿಂಬದಿಯಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಜೀವಕ್ಕೆ ಅಪಾಯವಿಲ್ಲ ಎಂದರು. ಒಂದು ಕಾಗದ, ಪೆನ್ನು ಕೊಟ್ಟು ಹೆಸರು, ಊರು ಬರೆಯಲು ಹೇಳಿದರು. ಪಾಲಾಕ್ಷ ಸರಾಗವಾಗಿ ಬರೆದ. ಡಾಕ್ಟರು ಒಂದು ನಿಮಿಷ ಬೇರೆ ಮಾತಾಡಿ, ಅದೇ ಕಾಗದವನ್ನು ಅವನ ಕಣ್ಣ ಮುಂದೆ ಹಿಡಿದರು.

"ಇದನ್ನ ಓದಿ ನೋಡೋಣ."

ಪಾಲಾಕ್ಷ ತುಂಬ ಹೊತ್ತು ನೋಡಿದ. "ಯಾರೋ ಏನೋ ಚೆಂದಾಗಿ ಬರ್ದವ್ರೆ ಸಾ," ಅಂದ.

ಪ್ರೇಮಕುಮಾರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು: ಬರೆಯುವ ಮನೆ ಹಾಗೇ ಇದೆ, ಓದುವ ಮನೆಯೂ ಇದೆ, ಕಣ್ಣಿನಿಂದ ಆ ಮನೆಗೆ ಹೋಗುವ ದಾರಿ ಮಾತ್ರ ಮುಚ್ಚಿಹೋಗಿದೆ. ಅಪರೂಪ, ಆದರೆ ಆಗುತ್ತದೆ. ಸುತ್ತಿಬಳಸಿ ಬೇರೆ ದಾರಿ ಮಾಡಿಕೊಳ್ಳುವವರೂ ಇದ್ದಾರೆ.

ಆಮೇಲಿನ ದಿನಗಳು ಪಾಲಾಕ್ಷನಿಗೆ ಎಚ್ಚರವೋ ಕನಸೋ ಎಂಬಂತೆ ಕಳೆದವು. ಮಧ್ಯಾಹ್ನ ಊಟ ಮಾಡಿ ಒರಗಿದರೆ ಕಣ್ಣು ಎಳೆಯುತ್ತಿತ್ತು. ಕನಸಿನಲ್ಲಿ ಪೇಟೆ ಬೀದಿ ಹೇಮಾವತಿಯ ನೀರಿನ ತಳದಲ್ಲಿರುತ್ತಿತ್ತು. ಶೆಟ್ಟಿಹಳ್ಳಿಯ ಚರ್ಚು ಹಿನ್ನೀರಿನಲ್ಲಿ ಸೊಂಟದ ತನಕ ಮುಳುಗಿ ನಿಲ್ಲುವ ಹಾಗೆ ಅಂಗಡಿಗಳೆಲ್ಲ ನಿಂತಿರುತ್ತಿದ್ದವು. ಅವನು ನೀರಿನೊಳಗೇ ನಡೆದುಕೊಂಡು ಹೋಗುತ್ತಿದ್ದ. ಬೋರ್ಡಿನ ಅಕ್ಷರಗಳು ಪಾಚಿಯ ಹಾಗೆ ಮೆಲ್ಲಗೆ ತೂಗುತ್ತಿದ್ದವು. ಅಲ್ಲಿ ಎಲ್ಲವನ್ನೂ ಅವನು ಓದಬಲ್ಲವನಾಗಿದ್ದ. ಒಂದೊಂದನ್ನೂ ಗಟ್ಟಿಯಾಗಿ ಓದುತ್ತ, ಬಾಯಿಂದ ಗುಳ್ಳೆ ಬಿಡುತ್ತ ಹೋಗುತ್ತಿದ್ದ. ಎಚ್ಚರವಾದರೆ ಗೋಡೆಯ ಮೇಲಿನ ಕ್ಯಾಲೆಂಡರು ಸುಮ್ಮನೆ ಅವನನ್ನೇ ನೋಡುತ್ತಿರುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು, ಓದಿನ ತರಬೇತಿ ಕೊಡುವ ಪ್ರೇಕ್ಷಾ ಎಂಬ ಹುಡುಗಿ ಇದ್ದಳು. ಅವಳು ಪ್ರೇಮಕುಮಾರಿಯ ಫೋನಿಗೆ ಒಂದು ಆಪ್ ಹಾಕಿಕೊಟ್ಟಳು. "ಇದು ಕಾರ್ಡಿನ ಆಟ ಇದ್ದಂಗೆ ಆಂಟಿ. ಮುಂದ್ಗಡೆ ಒಂದು ಅಕ್ಷರನೋ ಪದನೋ ಇರುತ್ತೆ. ಅಂಕಲ್ಲು ಹೇಳ್ಬೇಕು. ಬೆರಳಲ್ಲಿ ತಟ್ಟಿದ್ರೆ ಕಾರ್ಡು ಮಗುಚ್ಕೊಂಡು ಹಿಂದ್ಗಡೆ ಚಿತ್ರ ಬರುತ್ತೆ, ನಿಮ್ಮ ಧ್ವನಿ ಬರುತ್ತೆ. ಗೊತ್ತಿದ್ರೆ ಅದು ನಾಕು ದಿನ ಬಿಟ್ಟು ಬರುತ್ತೆ. ಗೊತ್ತಿಲ್ಲ ಅಂದ್ರೆ ಬಿಡಲ್ಲ, ಈಗ್ಲೇ ತಿರ್ಗ ಬರುತ್ತೆ."

ಪ್ರೇಮಕುಮಾರಿ ಹೊಲಿಗೆ ಮಷೀನು ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಒಂದೊಂದು ಪದಕ್ಕೂ ತನ್ನ ಧ್ವನಿ ತುಂಬಿದಳು. ಅಗಸೆ. ಆಲ. ಇಲಿ. ಬೆಕ್ಕು. ದಿನಕ್ಕೆ ಇಪ್ಪತ್ತು ಕಾರ್ಡು. ಆದರೆ ನಲವತ್ತು ದಿನ ಕಳೆದರೂ ನಾಲ್ಕು ದಿನ ಬಿಟ್ಟು ಬರುವ ಪುಣ್ಯ ಒಂದು ಕಾರ್ಡಿಗೂ ಸಿಗಲಿಲ್ಲ. ಎಲ್ಲವೂ ತಿರುಗಿ ತಿರುಗಿ ಅದೇ ಗಳಿಗೆಗೆ ಬಂದು ನಿಲ್ಲುತ್ತಿದ್ದವು.

"ಎಲ್ಲ ಇಸ್ತ್ರಿ ಮಾಡ್ದಂಗವೆ ಕಣೇ," ಅಂದ ಪಾಲಾಕ್ಷ. "ಎಲ್ಲಿ ಶುರು ಎಲ್ಲಿ ಕೊನೆ ಒಂದೂ ಗೊತ್ತಾಯ್ತಾ ಇಲ್ಲ. ಹಿಡ್ಕೊಳಕ್ಕೆ ತುದಿನೇ ಇಲ್ಲ."

ಏಪ್ರಿಲ್ ಕೊನೆಗೆ ಇಬ್ಬರೂ ತಪಾಸಣೆಗೆಂದು ಹಾಸನದ ಬಸ್ ಹತ್ತಿದರು. ಊರು ಬಿಟ್ಟು ಸ್ವಲ್ಪ ದೂರಕ್ಕೇ ಬಸ್ಸಿನ ಟೈರು ಕೂತಿತು. ಡ್ರೈವರು ಇಳಿದು ಜಾಕ್ ಹುಡುಕುತ್ತಿದ್ದ. ಕಿಟಕಿಯಾಚೆ ಎಂದೋ ಮುಚ್ಚಿದ ಒಂದು ಮಿಲ್ಲು, ಅದರ ಉದ್ದನೆಯ ಗೋಡೆ, ಗೋಡೆಯ ಮೇಲೆ ಬಿಸಿಲಿಗೆ ಬಿಳಿಚಿದ ನೀಲಿ ಬರಹ. ಪಾಲಾಕ್ಷ ಏನನ್ನೂ ಯೋಚಿಸದೆ ಅದನ್ನೇ ನೋಡುತ್ತಿದ್ದ. ಮೊಣಕಾಲ ಮೇಲಿದ್ದ ಅವನ ಬಲಗೈಯ ತೋರುಬೆರಳು ತಾನಾಗಿ ಅಲುಗಿತು. ಎಡದಿಂದ ಹಗುರಾಗಿ ಹೊರಟು, ಒತ್ತಿ, ಎತ್ತಿತು. ಸುತ್ತಿ ಕೆಳಗೆ ಬಂತು.

"ರೈಸ್," ಅಂದ ಪಾಲಾಕ್ಷ. ತನ್ನ ಧ್ವನಿಗೆ ತಾನೇ ಬೆಚ್ಚಿದ. "ರೈಸ್ ಮಿಲ್."

ಪ್ರೇಮಕುಮಾರಿ ಥಟ್ಟನೆ ತಿರುಗಿದಳು. ಮಿಲ್ಲು ಕಂಡು ಊಹೆ ಮಾಡಿರಬಹುದು ಅನ್ನಿಸಿತು. ಗೋಡೆಯ ಕೆಳಗೆ ಸಣ್ಣದಾಗಿದ್ದ ಇನ್ನೊಂದು ಸಾಲು ತೋರಿಸಿದಳು. "ಅದು? ಕೆಳಗಿಂದು?"

ಬೆರಳು ಮತ್ತೆ ಹೊರಟಿತು. ತುಂಬ ಹೊತ್ತು ಹಿಡಿಯಿತು. ಟೈರು ಬದಲಾಗಿ, ಇಳಿದಿದ್ದವರೆಲ್ಲ ಹತ್ತುತ್ತಿದ್ದರು. "ಸೈ... ಸೈಕಲ್ಲು... ನಿಲ್ಲಿಸ... ಬಾರದು."

ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಸ್ಸು ಹೊರಟಿತು. ಪಾಲಾಕ್ಷ ಕತ್ತು ಹೊರಳಿಸಿ ಆ ಗೋಡೆ ಮರೆಯಾಗುವ ತನಕ ನೋಡಿದ. ಇಪ್ಪತ್ತೈದು ವರ್ಷದ ಹಿಂದೆ, ಬಿದಿರಿನ ಅಟ್ಟಣೆಗೆ ಹಲಗೆ ಕಟ್ಟಿಕೊಂಡು ನಿಂತು, ಆ ಗೋಡೆ ಬರೆದದ್ದು ತಾನೇ ಎಂದು ಅವನಿಗೆ ನೆನಪಾದದ್ದು ಆಮೇಲೆ.

ಪ್ರೇಕ್ಷಾ ಕತೆ ಕೇಳಿ ಕಣ್ಣರಳಿಸಿದಳು. ಅವಳಿಗೆ ಕೂಡಲೇ ಹೊಳೆಯಿತು. ಕುಂಚದಲ್ಲಿ ಬರೆದ ಅಕ್ಷರದಲ್ಲಿ ಕೈ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ಅನ್ನುವ ಗುರುತು ಉಳಿದಿರುತ್ತದೆ. ಅವನ ಕೈ ಆ ಗುರುತಿನ ಹಿಂದೆ ಹೋಗುತ್ತದೆ. ಕಣ್ಣಿಗೆ ಗೊತ್ತಾಗದ್ದನ್ನು ಕೈ ಹೇಳಿಕೊಡುತ್ತದೆ. ಫೋನಿನ ಅಕ್ಷರಕ್ಕೆ ಎಲ್ಲ ಕಡೆಯೂ ಒಂದೇ ದಪ್ಪ, ಅಲ್ಲಿ ಕೈ ಇಲ್ಲ.

"ಕಾರ್ಡಿನ ಫಾಂಟ್ ಬದಲಾಯಿಸ್ಬಹುದು ಆಂಟಿ. ಸೆಟ್ಟಿಂಗಲ್ಲಿ ಜಾಗ ಇದೆ. ನಮಗೆ ಬೇಕಾದ ಫಾಂಟಿನ ಫೈಲ್ ಹಾಕಿ, ಅದರ ಹೆಸರು ಬರೆದ್ರೆ ಆಯ್ತು. ಆದ್ರೆ ಅಂಕಲ್ ಅಕ್ಷರದ ಫಾಂಟು ಎಲ್ಲಿ ಸಿಗುತ್ತೆ?"

ಊರಿನಲ್ಲಿ ಫಾಂಟಿನ ಕೆಲಸ ಗೊತ್ತಿದ್ದವನು ಒಬ್ಬನೇ. ಪ್ರೇಮಕುಮಾರಿ ಗಂಡನಿಗೆ ಹೇಳದೆ ರಜನೀಶನ ಅಂಗಡಿಗೆ ಹೋದಳು. ಹೋಗಿದ್ದನ್ನೂ ಅಲ್ಲಿ ಆಡಿದ ಮಾತನ್ನೂ ಪಾಲಾಕ್ಷನಿಗೆ ಅವಳೇ ಆಮೇಲೆ ಹೇಳಿದಳು. ರಜನೀಶ ಕುರ್ಚಿಯಿಂದ ಎದ್ದು ನಿಂತನಂತೆ. ಎಲ್ಲ ಕೇಳಿ ಮಷೀನು ಆರಿಸಿದನಂತೆ.

"ಪಾಲಾಕ್ಷಣ್ಣ ಒಪ್ತಾರಾ ಅಕ್ಕ?"

"ಅವ್ರನ್ನ ಕೇಳಕ್ಕೆ ಬಂದಿಲ್ಲ. ನಿನ್ನ ಕೇಳಕ್ಕೆ ಬಂದಿದೀನಿ."

ಭಾನುವಾರ ಬೆಳಿಗ್ಗೆ ರಜನೀಶ ಮನೆ ಬಾಗಿಲಿಗೆ ಬಂದ. ಪಾಲಾಕ್ಷ ಜಗಲಿಯ ಮೇಲೆ ಕೂತಿದ್ದ. ಇಲ್ಲಿ ದಾಟಿ ಹೋಗಲು ರಸ್ತೆ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಪಾಲಾಕ್ಷನೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಕೂತ್ಕೊಳಪ್ಪ. ಕಾಫಿ ಕುಡೀತೀಯಾ?"

ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಆ ಹದಿಮೂರು ವರ್ಷದ ಬಗ್ಗೆ ಅವರ ನಡುವೆ ಎಂದೂ ಆಗಲಿಲ್ಲ.

ಮೊದಲು ರಜನೀಶ, ಅಕ್ಷರಮಾಲೆಯನ್ನು ಹೊಸದಾಗಿ ಬರೆಸುವುದೇ ಸುಲಭ ಅಂದುಕೊಂಡ. ಹಲಗೆ, ಬಣ್ಣ ಬಂತು. ಪಾಲಾಕ್ಷ ಕುಂಚ ಅದ್ದಿದ. ಕೈ ಹೊರಟಿತು. ಆದರೆ ಅಕ್ಷರದ ಬಲತುದಿ ಅವನಿಗೆ ಕಾಣದ ಕಡೆ ಸರಿದುಹೋಗುತ್ತಿತ್ತು. ಒಂದರ ಮೇಲೊಂದು ಏರಿದವು, ಬಣ್ಣ ಕಲಸಿಹೋಯಿತು. ನಾಲ್ಕನೆಯ ಅಕ್ಷರಕ್ಕೆ ಕುಂಚ ಕೆಳಗಿಟ್ಟ. "ಇದು ನನ್ನ ಅಕ್ಷರ ಅಲ್ಲ," ಅಂದ. ಆಮೇಲೆ ಕೈ ಒರೆಸಿಕೊಂಡು, "ಹಳೇವು ಗ್ವಾಡೆ ಮೇಲವೆ. ಓಗಿ ತಗೊಂಬರಾಣ," ಅಂದ.

ಹಾಗೆ ಶುರುವಾಯಿತು ಆ ತಿರುಗಾಟ. ರಜನೀಶನ ಹಳೆಯ ಮಾರುತಿ ವ್ಯಾನು. ಮುಂದೆ ರಜನೀಶ, ಕುತ್ತಿಗೆಗೆ ಕ್ಯಾಮೆರಾ. ಹಿಂದೆ ಪಾಲಾಕ್ಷ, ಪ್ರೇಮಕುಮಾರಿ. ಅವಳ ತೊಡೆಯ ಮೇಲೆ ಅಳತೆ ಬರೆದುಕೊಳ್ಳುವ ಪುಸ್ತಕ. ಅದರಲ್ಲಿ ಅ ದಿಂದ ಳ ದ ತನಕ ಬರೆದುಕೊಂಡು, ಸಿಕ್ಕಿದ್ದಕ್ಕೆ ಗುರುತು ಹಾಕುತ್ತಿದ್ದಳು. ಭಾನುವಾರ ಬಂತೆಂದರೆ ಮೂವರೂ ಹೊರಡುತ್ತಿದ್ದರು.

ಬೆರಳಾಡಿಸದೆ ಪಾಲಾಕ್ಷನಿಗೆ ಒಂದು ಬೋರ್ಡೂ ಓದಲು ಬರುತ್ತಿರಲಿಲ್ಲ. ಆದರೆ ಯಾವ ಅಕ್ಷರ ಯಾವ ಊರಿನಲ್ಲಿದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

"ಢ ಸಿಕ್ಕಿಲ್ಲ ಅಣ್ಣ."

ಪಾಲಾಕ್ಷ ಕಣ್ಣು ಮುಚ್ಚುತ್ತಿದ್ದ. ಒಳಗೆ ಎಲ್ಲೋ ರಸ್ತೆಗಳು ಬಿಚ್ಚಿಕೊಳ್ಳುತ್ತಿದ್ದವು. "ಹಿರೀಸಾವೆ. ಹೈವೇ ಪಕ್ಕ ಒಂದು ಢಾಬಾ. ಹಸ್ರು ಬಣ್ಣ. ಬರೀತಿರ್ಬೇಕಾರೆ ಲಾರಿ ಗಾಳಿಗೆ ಏಣಿ ಅಲ್ಲಾಡ್ತಿತ್ತು."

ಢಾಬಾ ಈಗ ದೋಸೆ ಹೋಟೆಲಾಗಿತ್ತು. ಹಿಂದಿನ ಗೋಡೆಯಲ್ಲಿ, ನೀರಿನ ಡ್ರಮ್ಮಿನ ಮರೆಯಲ್ಲಿ, ಹಸಿರು ಢ ಹಾಗೇ ಇತ್ತು. ಹೋಟೆಲಿನವರು ಡ್ರಮ್ಮು ಸರಿಸಿಕೊಟ್ಟು, ಈ ಮೂವರು ಒಂದು ಅಕ್ಷರದ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋಟೋ ಹಿಡಿಯುವುದನ್ನು ನೋಡುತ್ತ ನಿಂತರು. ಸಾಲಗಾಮೆಯ ಶಾಲೆಯ ಗೋಡೆಯಲ್ಲಿ 'ವಿಜ್ಞಾನ' ಸಿಕ್ಕಿತು. ಅದರಿಂದ ಞ ದ ಒತ್ತು ಬಂತು. ಹಾಸನದಲ್ಲಿ ಆಲೂಗಡ್ಡೆ ಬೀಜದ ಮಂಡಿಯೊಂದರ ಬಾಗಿಲ ಮೇಲೆ ದೀರ್ಘಗಳು, ಡ್ಡ ಗಳು. ಚನ್ನರಾಯಪಟ್ಟಣದ ಕೊಬ್ಬರಿ ಅಂಗಡಿಯಲ್ಲಿ ಬ ಮತ್ತು ಅದರ ಒತ್ತು ಎಷ್ಟು ನಿಚ್ಚಳವಾಗಿದ್ದವೆಂದರೆ ಪ್ರೇಮಕುಮಾರಿ ಕೈಯಲ್ಲಿ ಮುಟ್ಟಿ ನೋಡಿದಳು.

ಋ ಮಾತ್ರ ಎಲ್ಲೂ ಇರಲಿಲ್ಲ. ಪಾಲಾಕ್ಷ ಒಂದು ವಾರ ಯೋಚಿಸಿದ. "ನಲವತ್ತು ವರ್ಸದಾಗೆ ಒಬ್ನೂ ಋ ಬರ್ಸಿಲ್ಲ ಕಣಯ್ಯ ನನ್ ಕೈಲಿ," ಎಂದು ಆಶ್ಚರ್ಯಪಟ್ಟ. ರಜನೀಶ ಅದನ್ನು ಬೇರೆ ಅಕ್ಷರಗಳ ತುಂಡಿನಿಂದ ಜೋಡಿಸಿದ.

ಅರಕಲಗೂಡಿನಲ್ಲಿ ಘ ಬೇಕಿತ್ತು. ತಂಬಾಕು ಬೆಳೆಗಾರರ ಸಂಘದ ಬೋರ್ಡು ಎಂದು ಪಾಲಾಕ್ಷ ಹೇಳಿದ ಕಟ್ಟಡಕ್ಕೆ ಹೋದರೆ, ಅಲ್ಲಿ ಉದ್ದಕ್ಕೂ ಫ್ಲೆಕ್ಸು ಬಿಗಿದಿತ್ತು. ಬದಿಯಲ್ಲಿ ಸಣ್ಣಗೆ ರಜನೀಶನ ಅಂಗಡಿಯ ಹೆಸರು, ಫೋನ್ ನಂಬರು. ರಜನೀಶ ವಾಚ್‌ಮನ್ ಗುಂಡಯ್ಯನಿಂದ ಏಣಿ ಕೇಳಿ ಇಸಿದುಕೊಂಡು, ತಾನೇ ಹತ್ತಿ, ತಾನೇ ಕಟ್ಟಿದ್ದ ತಂತಿಗಳನ್ನು ಒಂದೊಂದಾಗಿ ಬಿಚ್ಚಿದ. ಫ್ಲೆಕ್ಸು ಒಂದು ಬದಿಯಿಂದ ನಿಧಾನವಾಗಿ ಜೋಲುತ್ತ ಕೆಳಗಿಳಿಯಿತು.

ಹಿಂದೆ, ತಗಡಿನ ಮೇಲೆ, ಕೆಂಪು ಅಂಚಿನ ಹಳದಿ ಅಕ್ಷರಗಳು. ನಿನ್ನೆ ಬರೆದ ಹಾಗಿದ್ದವು. ಒಂದು ಚೂರೂ ಮಾಸಿರಲಿಲ್ಲ.

ಪಾಲಾಕ್ಷ ಕೆಳಗೆ ನಿಂತು ತಲೆಯೆತ್ತಿ ನೋಡಿದ. ಬೆರಳು ಗಾಳಿಯಲ್ಲಿ ಹೋಗುತ್ತಿತ್ತು. "ಸಂ... ಘ," ಅಂದ. ಆಮೇಲೆ ಮೇಲೆ ನಿಂತಿದ್ದವನಿಗೆ ಕೂಗಿದ: "ಇಷ್ಟು ವರ್ಸ ಬಿಸ್ಲು ತಾಗ್ದಂಗೆ ಕಾಪಾಡೈತೆ ಕಣಪ್ಪ ನಿನ್ ಫ್ಲೆಕ್ಸು!"

ಏಣಿಯ ಮೇಲೆ ರಜನೀಶ ಅತ್ತ ತಿರುಗಿಕೊಂಡೇ ಬಹಳ ಹೊತ್ತು ಫೋಟೋ ತೆಗೆದ.

ಫಾಂಟು ಮಾಡುವುದಕ್ಕೆ ಐದು ತಿಂಗಳು ಹಿಡಿಯಿತು. ಐವತ್ತು ಅಕ್ಷರ ಬರೆದರೆ ಮುಗಿಯಿತು ಎಂದುಕೊಂಡಿದ್ದ ರಜನೀಶನಿಗೆ ಕಾಗುಣಿತ, ಒತ್ತು, ಒಂದರ ಕೆಳಗೊಂದು ಕೂರುವ ರೀತಿ ಎಲ್ಲ ಸೇರಿ ನಾನೂರು ಆಕಾರಗಳ ಲೆಕ್ಕ ಬಂತು. ಅಂಗಡಿ ಮುಚ್ಚುವ ಮುಂಚಿನ ಒಂದು ಗಂಟೆ ಅದಕ್ಕೇ ಇಟ್ಟ. ಪಾಲಾಕ್ಷ ಸಂಜೆ ಹೊತ್ತಿಗೆ ಹೋಗಿ ಅವನ ಪಕ್ಕ ಕೂರುತ್ತಿದ್ದ. ಪರದೆಯ ಮೇಲೆ ತನ್ನ ಕೈಯ ಗೆರೆಗಳು ದೊಡ್ಡವಾಗಿ, ನದಿಯ ಪಾತ್ರದ ಹಾಗೆ ಅಂಕುಡೊಂಕಾಗಿ ಕಾಣುತ್ತಿದ್ದವು. "ಅಲ್ಲಿ ಒತ್ಬೇಕು," "ಅಲ್ಲಿ ಬಿಡು," ಎನ್ನುತ್ತಿದ್ದ. ಯಾವ ಅಕ್ಷರವೆಂದು ಗೊತ್ತಿಲ್ಲದಿದ್ದರೂ ಎಲ್ಲಿ ಒತ್ತಬೇಕೆಂದು ಅವನಿಗೆ ಗೊತ್ತಿತ್ತು. ಹೆಸರೇನಿಡೋಣ ಎಂದಾಗ, ತನ್ನ ಹೆಸರು ಬೇಡ ಅಂದ. 'ಪೇಟೆಬೀದಿ' ಎಂದಾಯಿತು.

ಕಾರ್ಡುಗಳು ಪೇಟೆಬೀದಿಯ ಅಕ್ಷರ ತೊಟ್ಟು ಬಂದ ಮೊದಲ ಬೆಳಿಗ್ಗೆ, ಫೋನಿನಲ್ಲಿ ಮೂಡಿದ್ದನ್ನು ಪಾಲಾಕ್ಷ ತೊಡೆಯ ಮೇಲೆ ಬೆರಳಾಡಿಸಿ ನೋಡಿದ. "ಬೆ... ಕ್ಕು." ತಟ್ಟಿದ. ಬೆಕ್ಕಿನ ಚಿತ್ರ ಬಂತು, ಪ್ರೇಮಕುಮಾರಿಯ ಧ್ವನಿ "ಬೆಕ್ಕು" ಅಂದಿತು. ಅವತ್ತು ಆರು ಕಾರ್ಡುಗಳು ನಾಲ್ಕು ದಿನದ ರಜೆಯ ಮೇಲೆ ಹೋದವು. ಒಂದು ತಿಂಗಳು ಕಳೆಯುವ ಹೊತ್ತಿಗೆ ಕೆಲವಕ್ಕೆ ಹತ್ತು ದಿನ, ಕೆಲವಕ್ಕೆ ಇಪ್ಪತ್ತು ದಿನ ರಜೆ ಸಿಕ್ಕಿತ್ತು. ಹಳೆಯ ಗೆಳೆಯರು ಊರೂರು ತಿರುಗಿ ಮನೆಗೆ ಬಂದು ಹೋಗುವ ಹಾಗೆ ಪದಗಳು ಬಂದು ಹೋಗುತ್ತಿದ್ದವು.

ಆಮೇಲೊಂದು ದಿನ ಆಪ್ ತಾನಾಗಿಯೇ ಅಪ್‌ಡೇಟ್ ಆಯಿತು.

ಪಾಲಾಕ್ಷನಿಗೆ ಅದೇನೂ ಗೊತ್ತಿಲ್ಲ. ಎಂದಿನಂತೆ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಫೋನು ತೆಗೆದು ಕೂತ. ಕಾರ್ಡು ಬಂತು. ಏನೂ ಮಾತಾಡಲಿಲ್ಲ. ತಟ್ಟಿ ಮುಂದಿನದು. ಅದೂ ಮೂಕ. ಮುಂದಿನದು. ಸಪೂರ ಗೆರೆಗಳು, ನಡುನಡುವೆ ಚುಕ್ಕಿಯ ವೃತ್ತಗಳು. ಬೆರಳು ಎಲ್ಲಿಗೂ ಹೊರಡಲಿಲ್ಲ. ಮತ್ತೆ ತಲೆಯೊಳಗೆ ಏನೋ ಕಟ್ಟಿಕೊಂಡಿತು ಅಂದುಕೊಂಡ. ಫೋನು ಮಗುಚಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ. ತಿಂಡಿಗೆ ಏಳಲಿಲ್ಲ.

"ಯಾಕ್ರೀ, ಮೈಗೆ ಉಸಾರಿಲ್ವಾ?"

ಅವನು ಗೋಡೆಗೇ ಹೇಳಿದ: "ತಿರ್ಗ ಓಯ್ತು ಕಣೇ. ಬಂದಿದ್ದೆಲ್ಲ ಓಯ್ತು."

ಪ್ರೇಮಕುಮಾರಿ ಹಾಸನಕ್ಕೆ ಹೊರಡಬೇಕು, ಯಾವ ಬಸ್ಸು, ಯಾರನ್ನು ಕರೆಯಲಿ ಎಂದು ತಡಕಾಡುತ್ತ ಫೋನು ಕೈಗೆತ್ತಿಕೊಂಡಳು. ಪರದೆ ಬೆಳಗಿತು. ಅವಳು ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಬೆ ಒಂದು ಕಡೆ, ಕ ಒಂದು ಕಡೆ, ಕೆಳಗೆ ಕೂರಬೇಕಾದ ಒತ್ತು ಪಕ್ಕದಲ್ಲಿ ಅನಾಥವಾಗಿ ನಿಂತಿತ್ತು.

"ರೀ," ಅಂದಳು. ಅವಳ ಧ್ವನಿ ವಿಚಿತ್ರವಾಗಿತ್ತು. "ರೀ, ಇಲ್ಕೇಳಿ. ನಂಗೂ ಓದಕ್ಕಾಗ್ತಾ ಇಲ್ಲ!"

ಪಾಲಾಕ್ಷ ನಿಧಾನವಾಗಿ ಹೊರಳಿದ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾಗುತ್ತಿರಲಿಲ್ಲ. "ನಿಮ್ಗೇನೂ ಆಗಿಲ್ಲ ಕಣ್ರೀ. ಕೆಟ್ಟಿರೋದು ಇದು. ಇದ್ರ ತಲೆ ಕೆಟ್ಟೈತೆ!"

ರಜನೀಶ ಅಂಗಡಿ ಬಿಟ್ಟು ಓಡಿ ಬಂದ. ಹೊಸ ಅಪ್‌ಡೇಟು ಫಾಂಟಿನ ಹಳೆಯ ಜಾಗವನ್ನೇ ತೆಗೆದುಹಾಕಿ, ಕಾರ್ಡುಗಳನ್ನೆಲ್ಲ ತನ್ನದೇ ಅಕ್ಷರಕ್ಕೆ ತಳ್ಳಿತ್ತು. ಆ ಅಕ್ಷರಕ್ಕೆ ಕನ್ನಡದ ಒತ್ತು ಕೂರಿಸುವುದೇ ಬರುತ್ತಿರಲಿಲ್ಲ. ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಅವನು ಆಪ್ ಮಾಡಿದವರಿಗೆ ಉದ್ದವಾದ ಪತ್ರ ಬರೆದು, ಪಾಲಾಕ್ಷನ ಕತೆಯನ್ನೆಲ್ಲ ಹೇಳಿ, ಕಾರ್ಡುಗಳ ಫೋಟೋ ಸೇರಿಸಿ ಕಳಿಸಿದ. ಮುಂದಿನ ಅಪ್‌ಡೇಟಿನಲ್ಲಿ ಸರಿಮಾಡುತ್ತೇವೆ, ಕೆಲವು ವಾರ ಹಿಡಿಯುತ್ತದೆ ಎಂದು ಉತ್ತರ ಬಂತು.

"ಕೆಲವು ವಾರ," ಅಂದಳು ಪ್ರೇಮಕುಮಾರಿ. "ಅಲ್ಲೀಗಂಟ ಇವ್ರು ಏನ್ ಮಾಡ್ಬೇಕು?"

ರಜನೀಶ ಗಲ್ಲ ಕೆರೆದುಕೊಂಡ. ಮಾರನೆಯ ದಿನ ಅಂಗಡಿಯಲ್ಲಿ ಮಿಕ್ಕಿದ ಫ್ಲೆಕ್ಸಿನ ತುಂಡುಗಳ ಮೇಲೆ ಕಾರ್ಡುಗಳನ್ನೇ ಅಚ್ಚು ಹಾಕಿ ತಂದ. ಒಂದೊಂದೂ ಅಂಗೈ ಎರಡು ಸೇರಿಸಿದಷ್ಟು ಅಗಲ. ಒಂದು ಬದಿಗೆ ಪೇಟೆಬೀದಿಯ ಅಕ್ಷರ, ಇನ್ನೊಂದು ಬದಿಗೆ ಚಿತ್ರ. ಪ್ರೇಮಕುಮಾರಿ ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಅಂಚು ಹೊಲಿದಳು. ಇಡಲು ಜಾಗ ಸಾಲದೆ ಹಿತ್ತಲಿನ ಬಟ್ಟೆ ಒಣಗುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದಳು.

ಪಾಲಾಕ್ಷನ ಬದುಕಿನಲ್ಲಿ ಅಷ್ಟು ಮೆತ್ತಗೆ ಕಳೆದ ದಿನಗಳು ಬೇರೆ ಇಲ್ಲ. ಬೆಳಗಿನ ಬಿಸಿಲಿಗೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಒಗೆದ ಸೀರೆ, ಪಂಚೆಗಳ ನಡುವೆ ಪದಗಳು ತೂಗುತ್ತಿದ್ದವು. ಮಳೆ. ಕೊಡೆ. ಎಮ್ಮೆ. ತಂಗಿ. ಗಾಳಿ ಬೀಸಿದರೆ ಕಾರ್ಡು ತಾನೇ ತಿರುಗಿ ಉತ್ತರ ತೋರಿಸಿಬಿಡುತ್ತಿತ್ತು. ಅದಕ್ಕಿಂತ ಮುಂಚೆ ಓದಿಬಿಡಬೇಕೆಂದು ಅವನು ಬೆರಳಿನ ವೇಗ ಹೆಚ್ಚಿಸುತ್ತಿದ್ದ. ಒಮ್ಮೊಮ್ಮೆ ಗಾಳಿ ಗೆಲ್ಲುತ್ತಿತ್ತು, ಒಮ್ಮೊಮ್ಮೆ ಅವನು. ಹೊಲಿಗೆ ಮಷೀನಿನ ಸದ್ದು ಒಳಗಿಂದ ಬಂದು ನಿಂತು ಬಂದು ನಿಂತು ಮಾಡುತ್ತಿತ್ತು. ಬ್ಲೌಸ್ ಕೊಡಲು ಬಂದ ಹೆಂಗಸರು ಹಿತ್ತಲಿಗೂ ಇಣುಕಿ, "ಇದೇನ್ ಪ್ರೇಮಕ್ಕ, ಅಕ್ಸರ ಒಗ್ದು ಒಣಗಾಕಿದೀರಿ!" ಎಂದು ನಗುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಪಾಲಾಕ್ಷನಿಗೆ ಬೆರಳು ಅಲುಗಿಸದೆಯೇ 'ಮಳೆ' ಗೊತ್ತಾಯಿತು. ಕಣ್ಣು ಬಿದ್ದ ಕೂಡಲೇ ಅದು ಮಳೆಯೇ ಆಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಅದು ಹೋಗಿಬಿಟ್ಟರೆ ಎಂಬ ಭಯಕ್ಕೆ ಎರಡು ದಿನ ಒಳಗೇ ಇಟ್ಟುಕೊಂಡ.

ನಾಲ್ಕನೆಯ ವಾರ ಹೊಸ ಅಪ್‌ಡೇಟು ಬಂತು. ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಫಾಂಟಿಗೆ ಮೊದಲಿಗಿಂತ ವಿಶಾಲವಾದ ಜಾಗ ಸಿಕ್ಕಿತು. ಈಗ ಒಂದೊಂದು ಕಾರ್ಡಿಗೂ ಬೇರೆ ಬೇರೆ ಫಾಂಟು ಕೊಡಬಹುದಿತ್ತು, ಗಾತ್ರ, ದಪ್ಪ, ಅಕ್ಷರಗಳ ನಡುವಿನ ಅಂತರವನ್ನೂ ಬೆರಳಲ್ಲಿ ಎಳೆದು ಬದಲಿಸಬಹುದಿತ್ತು. ಪ್ರೇಕ್ಷಾ ಕೇಳಿದ್ದೇ ಹೇಳಿದಳು: "ಅಂಕಲ್, ಚೆನ್ನಾಗಿ ಬರೋ ಪದಗಳನ್ನ ಇನ್ನು ಬೇರೆಯವ್ರ ಅಕ್ಷರದಲ್ಲೂ ನೋಡ್ಬೇಕು. ಒಂದೊಂದಾಗಿ."

ಪಾಲಾಕ್ಷ ಮುಖ ಗಂಟಿಕ್ಕಿದ. "ಯಾಕವ್ವ? ನನ್ನವೇ ಸಾಕಲ್ಲ."

"ಔಷಧಿ ಡಬ್ಬಿ ಮೇಲೆ ನೀವು ಬರ್ದಿಲ್ವಲ್ಲ ಅಂಕಲ್."

ಪಾಲಾಕ್ಷ ಫೋನನ್ನು ರಜನೀಶನಿಗೆ ಕೊಟ್ಟ. ಮೊದಲು 'ಮಳೆ'ಯನ್ನು ರಜನೀಶ ಒಂದು ಚೂರು ಸಪೂರ ಮಾಡಿದ. ಪಾಲಾಕ್ಷ ಓದಿದ. ಇನ್ನೊಂದು ಚೂರು ಮಾಡಿದ. ವಾರಗಟ್ಟಲೆ ಹೀಗೆ, ಸಾರಿಗೆ ಉಪ್ಪು ನೋಡಿದ ಹಾಗೆ, ಚೂರು ಚೂರೇ. ಕೊನೆಗೊಂದು ದಿನ ಕಾರ್ಡು ಪೇಪರಿನವರ ಬೋಳು ಅಕ್ಷರದಲ್ಲೇ ಬಂತು. ಪಾಲಾಕ್ಷ ಅದನ್ನು ಒಬ್ಬ ಅಪರಿಚಿತನ ಮುಖವನ್ನು ದಿಟ್ಟಿಸುವ ಹಾಗೆ ದಿಟ್ಟಿಸಿದ. ಬೆರಳು ಮೂರು ಸಲ ಸೋತಿತು. ನಾಲ್ಕನೆಯ ಸಲ ಆ ಮುಖದೊಳಗೆ ಪರಿಚಯದವನೊಬ್ಬ ಮೆಲ್ಲಗೆ ಮೂಡಿಬಂದ.

ಎಲ್ಲವೂ ಮರಳಿ ಬಂತೆಂದು ಹೇಳುವ ಹಾಗಿಲ್ಲ. ಇವತ್ತಿಗೂ ಪಾಲಾಕ್ಷನಿಗೆ ಪೇಪರಿನ ಸಣ್ಣ ಅಕ್ಷರ ಆಗುವುದಿಲ್ಲ. ಒಂದು ದಪ್ಪ ತಲೆಬರಹ ಓದುವುದಕ್ಕೆ ಅರ್ಧ ಲೋಟ ಕಾಫಿ ಬೇಕು. ಬಲಗಡೆಗೆ ಕತ್ತು ತಿರುಗಿಸಿ ತಿರುಗಿಸಿ ಸಾಲಿನ ಬಾಲ ಹುಡುಕಬೇಕು. ಸುಸ್ತಾದ ದಿನ ಏನೂ ಮಾತಾಡುವುದಿಲ್ಲ. ಆದರೆ ಔಷಧಿಯ ಹೆಸರು ಓದುತ್ತಾನೆ, ಕರೆಂಟ್ ಹೋಗುವ ಪ್ರಕಟಣೆ ಓದುತ್ತಾನೆ, ಮದುವೆ ಕಾಗದದಲ್ಲಿ ಹೆಣ್ಣು ಗಂಡಿನ ಹೆಸರು ಓದಿ ಯಾರ ಮಗ ಯಾರ ಮಗಳು ಎಂದು ಹೇಳುತ್ತಾನೆ.

ಪೇಟೆಬೀದಿ ಫಾಂಟನ್ನು ರಜನೀಶ ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್‌ನೆಟ್ಟಿಗೆ ಬಿಟ್ಟ. ಪಾಲಾಕ್ಷನಿಗೆ ಅದರ ಅರ್ಥ ಪೂರ್ತಿ ಆಗಿರಲಿಲ್ಲ.

ಹೋದ ಕಾರ್ತಿಕದಲ್ಲಿ ಅವನೂ ಪ್ರೇಮಕುಮಾರಿಯೂ ನೆಂಟರ ಗೃಹಪ್ರವೇಶಕ್ಕೆ ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದರು. ಪಟ್ಟಣ ಇನ್ನೊಂದು ಮೈಲಿ ಇರುವಾಗ ಬಸ್ಸು ಒಂದು ನರ್ಸರಿಯ ಮುಂದೆ ಯಾರನ್ನೋ ಇಳಿಸಲು ನಿಂತಿತು. ತೆಂಗಿನ ಸಸಿಗಳ ಸಾಲು, ಅದರ ಮೇಲೆ ಕಟ್ಟಿದ ಹೊಸ ಫ್ಲೆಕ್ಸು. ಪಾಲಾಕ್ಷ ಎಡಗಡೆಯ ಕಿಟಕಿಯಲ್ಲಿ ಕೂತಿದ್ದ. ನೋಡಿದ ಕೂಡಲೇ ಕಿಟಕಿಗೆ ಮುಖವೊಡ್ಡಿದ. ಅವು ಅವನ ಅಕ್ಷರ. ತಲೆಕಟ್ಟು ಹಗುರಾಗಿ ಹೊರಟು, ಒತ್ತಿ, ಎದ್ದಿತ್ತು. ಆದರೆ ಈ ನರ್ಸರಿಗೆ ಅವನು ಎಂದೂ ಕಾಲಿಟ್ಟಿರಲಿಲ್ಲ. ಈ ಊರಿನವರು ಯಾರೋ, ಅವನು ಕಂಡಿಲ್ಲದವರು, ಅವನ ಕೈಯಲ್ಲಿ ಬರೆಸಿಕೊಂಡಿದ್ದರು.

"ತೆಂಗಿನ... ಸಸಿಗಳು... ದೊರೆಯುತ್ತವೆ," ಎಂದು ಓದಿದ. ಬೆರಳು ತೊಡೆಯ ಮೇಲೆ ಸುಮ್ಮನಿತ್ತು.

"ಏನ್ರೀ ಅದು?" ಅಂದಳು ತೂಕಡಿಸುತ್ತಿದ್ದ ಪ್ರೇಮಕುಮಾರಿ.

"ನಾನು ಬರ್ದಿರೋದು," ಅಂದ. ಸ್ವಲ್ಪ ಯೋಚಿಸಿ, "ಬರ್ದಿಲ್ಲ ಕಣೇ. ಆದ್ರೂ ನಾನೇ ಬರ್ದಿರೋದು."

ಅವಳಿಗೆ ಅರ್ಥವಾಗಲಿಲ್ಲ. ಬಸ್ಸು ಹೊರಟಿತು. ಸಸಿಗಳ ಹಸಿರು ಗರಿಗಳು ಕಿಟಕಿಯಾಚೆ ಒಂದೊಂದಾಗಿ ಹಿಂದೆ ಸರಿದವು.

"ಸ ಒಸಿ ಬಾಗೈತೆ," ಅಂದ ಪಾಲಾಕ್ಷ, ಹಿಂದೆ ತಿರುಗಿ ನೋಡುತ್ತ. "ರಜನೀಶಂಗೆ ಹೇಳ್ಬೇಕು."